ರೆಕ್ಕೆಯ ಮೂರನೆಯ ಗೆರೆ

ಅವರಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು, ಇಲ್ಲವೆಂದಲ್ಲ. ಆದರೆ ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಎದುರಿಗೆ ಎಲ್ಲರೂ ‘ಪರೀಕ್ಷಕರೇ’ ಎನ್ನುತ್ತಿದ್ದರು. ಬೆನ್ನು ತಿರುಗಿದ ಕೂಡಲೇ ಕಚೇರಿಯ ಜವಾನನಿಂದ ಹಿಡಿದು ಪೇಟೆಯ ಕೊನೆಯ ವ್ಯಾಪಾರಿಯವರೆಗೆ ಅವರು ಭೂತಗನ್ನಡಿ. ಇದು ಅವರಿಗೂ ಗೊತ್ತಿತ್ತು. ಹೊರಗೆ ಮುಖ ಗಂಟು ಹಾಕಿಕೊಂಡರೂ ಒಳಗೊಳಗೇ ಹಿಗ್ಗುತ್ತಿದ್ದರು. ಅಡ್ಡಹೆಸರು ಸುಮ್ಮನೆ ಬರುತ್ತದೆಯೇ? ಇಪ್ಪತ್ತಾರು ವರ್ಷ ಕಣ್ಣು ಸವೆಸಿ ಸಂಪಾದಿಸಿದ್ದು.

ಒಬ್ಬರ ಗುರುತನ್ನು ಇನ್ನೊಬ್ಬರು ಕದ್ದು, ತಮ್ಮ ಕಳಪೆ ಮಾಲಿನ ಮೇಲೆ ಒತ್ತಿ ಮಾರುವುದನ್ನು ತಡೆಯುವ ಸರ್ಕಾರಿ ಕಚೇರಿ ಅದು. ದೂರು ಬಂದರೆ ಜೀಪು ಹೊರಡುತ್ತಿತ್ತು. ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಸಿಬ್ಬಂದಿ ಪೆಟ್ಟಿಗೆಗಳನ್ನು ಇಳಿಸಿ ಮೇಜಿನ ಮೇಲಿಡುತ್ತಿದ್ದರು. ಆಮೇಲೆ ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದು ಇವರ ಮುಖ ನೋಡುತ್ತಿದ್ದರು. ಇವರು ಜೇಬಿನಿಂದ ಕನ್ನಡಿ ತೆಗೆದು, ಒಂದು ಕಣ್ಣು ಕಿರಿದು ಮಾಡಿ, ‘ಅಸಲಿ’ ಎಂದರೆ ಅಸಲಿ, ‘ನಕಲಿ’ ಎಂದರೆ ನಕಲಿ. ಅದರ ಮೇಲೆ ಮಾತಿಲ್ಲ.

ಈ ಚಟ ಮನೆಯಲ್ಲೂ ಬಿಟ್ಟಿರಲಿಲ್ಲ. ಸೋಪಿನ ಹೊದಿಕೆ, ಬೆಂಕಿಪೊಟ್ಟಣದ ಚಿತ್ರ, ಹೊಸ ಚಪ್ಪಲಿಯ ಅಟ್ಟೆ, ಎಲ್ಲಕ್ಕೂ ಕನ್ನಡಿ ಹಿಡಿಯುತ್ತಿದ್ದರು. “ಮದುವೆಯಾಗಿ ಇಷ್ಟು ವರ್ಷವಾಯ್ತು, ನನ್ನನ್ನೂ ಒಂದ್ಸಲ ನೋಡಿಬಿಡಿ, ಅಸಲಿಯೋ ನಕಲಿಯೋ ಅಂತ,” ಎಂದು ಹೆಂಡತಿ ಛೇಡಿಸಿದರೆ, “ನಿನ್ನಂಥದ್ದನ್ನ ನಕಲು ಮಾಡೋ ಧೈರ್ಯ ಯಾರಿಗಿದೆ?” ಎಂದು ಅವರು ತಿರುಗಿಸಿ ಕೊಡುತ್ತಿದ್ದರು. ಒಟ್ಟಿನಲ್ಲಿ ಸುಖಸಂಸಾರ.

ಅವರ ಕೆಲಸದಲ್ಲಿ ಒಂದು ಕ್ರಮವಿತ್ತು. ಪ್ರತಿ ಕಂಪನಿಯೂ ತನ್ನ ಅಸಲಿ ಗುರುತಿನ ಮಾದರಿ ಕಾರ್ಡನ್ನು ವರ್ಷಕ್ಕೊಮ್ಮೆ ಲಕೋಟೆಯಲ್ಲಿಟ್ಟು ಕಚೇರಿಗೆ ಕಳಿಸುತ್ತಿತ್ತು. ಹೊಸದಾಗಿ ಸೇರಿದವರು ಆ ಕಾರ್ಡನ್ನು ಪಕ್ಕದಲ್ಲಿಟ್ಟುಕೊಂಡು ಮಾಲಿನ ಜೊತೆ ತಾಳೆ ನೋಡುತ್ತಿದ್ದರು. ಇವರು ನೋಡುತ್ತಿರಲಿಲ್ಲ. ನಾನೂರು ಕಂಪನಿಗಳ ಗುರುತು ಅವರಿಗೆ ಬಾಯಿಪಾಠವಾಗಿತ್ತು. ಹೊಸ ಲಕೋಟೆ ಬಂದರೆ ಆವಕ ಪುಸ್ತಕದಲ್ಲಿ ಸಹಿ ಹಾಕಿ, ಒಡೆಯದೆ, ಡ್ರಾಯರಿಗೆ ಸೇರಿಸುತ್ತಿದ್ದರು. ವರ್ಷ ವರ್ಷವೂ ಅದೇ ಆನೆ, ಅದೇ ನಕ್ಷತ್ರ, ಅದೇ ಹಕ್ಕಿ, ಏನು ನೋಡುವುದು? ಕಾರ್ಡು ತೆಗೆದು ನೋಡುವುದೆಂದರೆ ಅವರಿಗೆ ಒಂದು ರೀತಿಯ ಅವಮಾನ.

ಹಳೇ ಪೇಟೆಯ ಇಕ್ಕಟ್ಟು ಬೀದಿಯಲ್ಲಿ ಹೊಲಿಗೆ ಯಂತ್ರದ ಬಿಡಿಭಾಗ ಮಾರುವ ಅಂಗಡಿಯೊಂದಿತ್ತು. ನಡೆಸುತ್ತಿದ್ದಾಕೆ ಐವತ್ತರ ಆಸುಪಾಸಿನ ಒಂಟಿ ಹೆಂಗಸು. ಊರಿನ ದರ್ಜಿಗಳೆಲ್ಲ ಆಕೆಯನ್ನು ಸೂಜಿಯಕ್ಕ ಎಂದೇ ಕರೆಯುತ್ತಿದ್ದರು. ಯಂತ್ರದ ಸದ್ದು ಕೇಳಿಯೇ ಯಾವ ಭಾಗ ಸವೆದಿದೆ ಎಂದು ಹೇಳಬಲ್ಲವಳು. ಆಕೆಗೆ ಮಾಲು ತಂದುಕೊಡುತ್ತಿದ್ದವನು ಒಡಹುಟ್ಟಿದ ಅಣ್ಣ. ದೂರದ ಕಂಪನಿ ಡಿಪೋಗೆ ತಾನೇ ಹೋಗಿ, ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದ.

ಯಾರೋ ಹೆಸರಿಲ್ಲದ ದೂರು ಬರೆದರು. ಜೀಪು ಹೋಯಿತು. ಹಕ್ಕಿ ಗುರುತಿನ ಸೂಜಿಗಳ ಪೆಟ್ಟಿಗೆಗಳು ಮೇಜಿಗೆ ಬಂದವು. ಪರೀಕ್ಷಕರು ಒಂದು ಸೂಜಿಯನ್ನು ಎತ್ತಿಕೊಂಡರು. ಅದರ ದಪ್ಪ ಬುಡದಲ್ಲಿ ಎಳ್ಳಿಗಿಂತ ಚಿಕ್ಕದಾದ ಹಕ್ಕಿ. ಅಸಲಿ ಹಕ್ಕಿಯ ರೆಕ್ಕೆಯಲ್ಲಿ ಮೂರು ಗೆರೆ. ಇದರಲ್ಲಿ ಎರಡೇ ಇದ್ದವು. ಇನ್ನೊಂದು ನೋಡಿದರು, ಎರಡು. ಮತ್ತೊಂದು, ಅದೂ ಎರಡು.

“ನಕಲಿ,” ಎಂದರು. “ಎಲ್ಲಾ.”

ಸೂಜಿಯಕ್ಕ ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತಳು. “ಇರಲಿಕ್ಕಿಲ್ಲ ಸಾರ್. ನಮ್ಮಣ್ಣ ಡಿಪೋದಿಂದಾನೇ ತರೋದು.”

ಅಣ್ಣನಿಗೆ ಸುದ್ದಿ ಹೋಗಿ, ಆತ ಏದುಸಿರು ಬಿಡುತ್ತಾ ಬಂದ. ಕೈಯಲ್ಲಿ ಡಿಪೋದ ಬಿಲ್ಲುಗಳ ಕಟ್ಟು. “ನೋಡಿ ಸಾರ್, ಸೀಲಿದೆ, ಸಹಿ ಇದೆ. ನನ್ನ ತಂಗಿಗೆ ನಾನು ಮೋಸ ಮಾಡ್ತೀನಾ?”

ಪರೀಕ್ಷಕರಿಗೆ ಆ ಹೊತ್ತು ಮಧ್ಯಾಹ್ನದ ಊಟ ತಪ್ಪಿತ್ತು. ಬೀದಿಯಲ್ಲಿ ಜನ ಸೇರಿದ್ದರು. ಜನ ಸೇರಿದರೆ ಅವರ ನಾಲಿಗೆಗೆ ಸ್ವಲ್ಪ ಹರಿತ ಬರುತ್ತಿತ್ತು. “ಸೂಜಿ ಅಚ್ಚು ಹಾಕೋರಿಗೆ ಬಿಲ್ಲು ಅಚ್ಚು ಹಾಕೋದು ಕಷ್ಟಾನಾ?” ಎಂದರು. ಬೀದಿ ನಕ್ಕಿತು. ಅಣ್ಣ ಬಿಲ್ಲು ಹಿಡಿದ ಕೈಯನ್ನು ಕೆಳಗಿಳಿಸಿದ. ತಂಗಿ ಅವನ ಮುಖವನ್ನು ನೋಡಿದಳು. ಆ ನೋಟದಲ್ಲಿ ಅನುಮಾನ ಹುಟ್ಟಿದ್ದನ್ನು ಪರೀಕ್ಷಕರೂ ಕಂಡರು. ತಮ್ಮ ಮಾತು ನಾಟಿತು ಎಂದು ಅವರಿಗೆ ಆಗ ಸಮಾಧಾನವೇ ಆಯಿತು.

ನಿಯಮದ ಪ್ರಕಾರ ಜಪ್ತಿಯಾದ ಮಾಲಿನ ಮಾದರಿಯನ್ನು ಕಂಪನಿಗೆ ಕಳಿಸಿ, ಅವರ ಖಾತ್ರಿ ಪಡೆಯಬೇಕು. ಆದರೆ ಅಂಗಡಿಯವರು ತಾವಾಗಿಯೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರೆ ಕಂಪನಿಯನ್ನು ಕೇಳುವ ಅಗತ್ಯವಿಲ್ಲ. ಮಾಲನ್ನು ನೇರವಾಗಿ ನಾಶ ಮಾಡಬಹುದು. ಪರೀಕ್ಷಕರು ಸೂಜಿಯಕ್ಕನ ಪಕ್ಕ ಬಗ್ಗಿ, ನಿಜವಾದ ಕನಿಕರದಿಂದಲೇ ಹೇಳಿದರು: “ನೋಡಮ್ಮ, ಸಹಿ ಹಾಕಿಬಿಡು. ಇಲ್ಲಿಗೇ ಮುಗಿದುಹೋಗುತ್ತೆ. ಇಲ್ಲಾಂದ್ರೆ ವರ್ಷಗಟ್ಟಲೆ ಕೋರ್ಟು ಕಚೇರಿ ಅಲೀಬೇಕಾಗುತ್ತೆ. ನಿನ್ನ ಒಳ್ಳೇದಕ್ಕೆ ಹೇಳ್ತಿದೀನಿ.”

“ನೀವು ತಿಳಿದೋರು ಸಾರ್. ನೀವೇ ಹೇಳಿದ ಮೇಲೆ…” ಎಂದು ಆಕೆ ಸಹಿ ಹಾಕಿದಳು. ಅಂಗಡಿಯ ಬಾಗಿಲಿಗೆ ‘ಇಲ್ಲಿ ನಕಲಿ ಮಾಲು ಜಪ್ತಿಯಾಗಿದೆ’ ಎಂಬ ನೋಟಿಸು ಅಂಟಿತು. ಒಂದು ತಿಂಗಳು ಅದನ್ನು ಕೀಳುವಂತಿರಲಿಲ್ಲ. ಅದೇ ವಾರ ಸೂಜಿಗಳೆಲ್ಲ ಕುಲುಮೆಗೆ ಹೋಗಿ ಕರಗಿದವು.

ಅದಾಗಿ ಮೂರು ವಾರಕ್ಕೆ ಇವರಿಗೆ ಬೇರೊಂದು ಕಡೆಯಿಂದ ಕರೆ ಬಂತು. ಡಿಪೋದಿಂದ ಬಂದ ಹಕ್ಕಿ ಗುರುತಿನ ದೊಡ್ಡ ಸರಕು ಪೇಟೆಯ ಗೋದಾಮಿನಲ್ಲಿ ಇಳಿದಿತ್ತು, ವಾಡಿಕೆಯ ತಪಾಸಣೆ. ಪರೀಕ್ಷಕರು ಸೂಜಿ ಎತ್ತಿ ನೋಡಿದರು. ರೆಕ್ಕೆಯಲ್ಲಿ ಎರಡು ಗೆರೆ. ‘ನಕಲಿ’ ಎನ್ನಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ಕಂಪನಿಯ ಗುಮಾಸ್ತ ನಗುತ್ತಾ, “ಅಚ್ಚು ಬದಲಾಯಿಸಿದ್ದೀವಿ ಸಾರ್, ವರ್ಷವಾಗ್ತಾ ಬಂತು. ಮೂರನೇ ಗೆರೆ ಬೇಗ ಸವೆದುಹೋಗ್ತಿತ್ತು, ತೆಗೆದುಬಿಟ್ವಿ. ಹೊಸ ಕಾರ್ಡು ನಿಮ್ಮ ಕಚೇರಿಗೂ ಬಂದಿದೆಯಲ್ಲ,” ಎಂದ.

“ಹೌದು ಹೌದು, ಬಂದಿದೆ,” ಎಂದರು ಪರೀಕ್ಷಕರು. ಅದು ಅವರ ಬಾಯಿಂದ ತಾನಾಗಿ ಬಂದ ಸುಳ್ಳು.

ಕಚೇರಿಗೆ ಮರಳಿ ಡ್ರಾಯರು ಎಳೆದರು. ಲಕೋಟೆ ಅಲ್ಲೇ ಇತ್ತು, ಅಂಟು ಬಿಚ್ಚದೆ. ಒಡೆದರು. ಎರಡು ಗೆರೆಯ ಹಕ್ಕಿ, ಕೆಳಗೆ ಬದಲಾವಣೆಯ ತಾರೀಖು. ಆವಕ ಪುಸ್ತಕ ತಿರುವಿದರೆ ತಮ್ಮದೇ ಸಹಿ, ಸುರುಳಿ ಸುತ್ತಿದ, ಹೆಮ್ಮೆಯ ಸಹಿ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರ ಕತೆಯನ್ನು ಅವರು ಬೇರೆಯವರಿಗೆ ಎಷ್ಟೋ ಸಲ ಹೇಳಿದ್ದರು. ಸೂಜಿ ಅಸಲಿ, ಬಿಲ್ಲು ಅಸಲಿ, ಅಣ್ಣನ ಮಾತು ಅಸಲಿ. ಅಲ್ಲಿದ್ದ ಒಂದೇ ಒಂದು ನಕಲಿ ವಸ್ತುವೆಂದರೆ ಅವರ ಜಾಣತನ. ಕಂಪನಿಯನ್ನು ಕೇಳಿದ್ದರೆ ಎರಡೇ ದಿನದಲ್ಲಿ ಸತ್ಯ ತಿಳಿಯುತ್ತಿತ್ತು. ಕೇಳದಂತೆ ಬಾಗಿಲು ಮುಚ್ಚಿಸಿದ್ದು ಆ ಒಪ್ಪಿಗೆ ಪತ್ರ, ಅದಕ್ಕೆ ಸಹಿ ಹಾಕಿಸಿದ್ದು ತಾವು, ಅದೂ ‘ನಿನ್ನ ಒಳ್ಳೇದಕ್ಕೆ’ ಎಂದು.

ಸಾಹೇಬರ ಕೋಣೆಗೆ ಹೋಗಿ ಹೇಳಿದರು. ಸಾಹೇಬರು ಬಾಗಿಲು ಹಾಕಿಸಿ ಮೆಲ್ಲಗೆ ಕೇಳಿದರು: “ಆಕೆ ಏನಾದ್ರೂ ದೂರು ಕೊಟ್ಟಿದ್ದಾಳಾ?”

“ಇಲ್ಲ. ಆಕೆಗೆ ಗೊತ್ತೇ ಇಲ್ಲ.”

“ಮತ್ತೆ ಬೀದೀಲಿ ಹೋಗೋ ಮಾರಿನ ಮನೆಗೆ ಯಾಕ್ರೀ ಕರೀತೀರಿ? ಫೈಲು ಮುಗಿದಿದೆ, ಸಹಿ ಇದೆ, ಮಾಲು ಕರಗಿದೆ. ಇನ್ನೊಂದು ವಾರಕ್ಕೆ ನೋಟಿಸೂ ಕಿತ್ತುಹೋಗುತ್ತೆ. ನಿಮ್ಮ ಮಾತಿನ ಮೇಲೆ ಎಷ್ಟು ಕೇಸು ನಿಂತಿದೆ ಗೊತ್ತಲ್ಲ? ಒಂದು ತಪ್ಪು ಅಂತ ಹೊರಗೆ ಬಿದ್ರೆ ಎಲ್ಲರೂ ಎದ್ದು ಬರ್ತಾರೆ.”

ಪರೀಕ್ಷಕರು ಸುಮ್ಮನಾದರು. ಸಾಹೇಬರ ಮಾತು ಸರಿ ಎನಿಸಿದ್ದಕ್ಕಲ್ಲ. ಸುಮ್ಮನಿರಲು ಒಂದು ನೆಪ ಸಿಕ್ಕಿದ್ದಕ್ಕೆ. ಕತೆ ಹೇಳುವ ನಾನು ಇದನ್ನು ಮುಚ್ಚಿಡುವುದಿಲ್ಲ. ಅಂದು ಕೋಣೆಯಿಂದ ಹೊರಬಂದಾಗ ಅವರಿಗೆ ಹಗುರವೆನಿಸಿತ್ತು. ಆ ಹಗುರ ಮನೆ ಮುಟ್ಟುವವರೆಗೂ ಉಳಿಯಲಿಲ್ಲ, ಅದು ಬೇರೆ ಮಾತು.

ಭಾನುವಾರ ಬೆಳಿಗ್ಗೆ. ಹೆಂಡತಿ ಕಿಟಕಿಯ ಪಕ್ಕ ಯಂತ್ರ ತುಳಿಯುತ್ತಿದ್ದರು. ನೆರೆಹೊರೆಯವರ ಬಟ್ಟೆ ಹೊಲಿದುಕೊಡುವುದು ಅವರ ಹಳೆಯ ಕಸುಬು. ಪರೀಕ್ಷಕರು ಒಳಕೋಣೆಯಲ್ಲಿ ಪತ್ರಿಕೆ ಬಿಡಿಸಿಕೊಂಡು, ಒಂದೇ ಸಾಲನ್ನು ಐದನೆಯ ಸಲ ಓದುತ್ತಿದ್ದರು. ಬಾಗಿಲು ಬಡಿದ ಸದ್ದಾಯಿತು; ಹೆಂಡತಿ ಎದ್ದು ಹೋಗಿ ತೆರೆದರು.

“ಓ, ಸೂಜಿಯಕ್ಕ! ಬಾ ಒಳಗೆ. ಇಷ್ಟು ದೂರ ನಡ್ಕೊಂಡು ಬಂದ್ಯಾ?”

ಪರೀಕ್ಷಕರು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡರು. ಹೆಂಡತಿ ಸೂಜಿ ಕೊಳ್ಳುವುದು ಎಲ್ಲಿಂದ ಎಂದು ಅವರು ಒಂದು ದಿನವೂ ಕೇಳಿರಲಿಲ್ಲ.

“ಒಳಗೆ ಬರಲ್ಲ ಅಕ್ಕ. ಒಂದು ವಿಷಯ ಹೇಳಿ ಹೋಗೋಣ ಅಂತ ಬಂದೆ,” ಎಂದಳು ಸೂಜಿಯಕ್ಕ, ಹೊಸ್ತಿಲಾಚೆಯೇ ನಿಂತು. “ಹೋದ ತಿಂಗಳು ನನ್ನ ಹತ್ರ ಹಕ್ಕಿ ಸೂಜಿ ತಗೊಂಡಿದ್ದೆಯಲ್ಲ, ಅದು ನಕಲಿಯಂತೆ. ನನಗೆ ಗೊತ್ತಿರಲಿಲ್ಲ. ಅದನ್ನ ಕೊಟ್ಟುಬಿಡು, ಈ ಬೇರೆ ಸೂಜಿ ಇಟ್ಕೋ.”

“ಅಯ್ಯೋ, ಚೆನ್ನಾಗೇ ಓಡ್ತಿದೆಯಲ್ಲೇ! ಒಂದೂ ಮುರಿದಿಲ್ಲ.”

“ಓಡಿದ್ರೂ ಕಳ್ಳ ಮಾಲು ಕಳ್ಳ ಮಾಲೇ ಅಲ್ವಾ? ಕೊಂಡವರ ಮನೆಮನೆಗೂ ಹೋಗ್ತಿದೀನಿ. ಎಷ್ಟು ಜನ ಇದ್ದಾರೋ ಅಷ್ಟು ಜನರ ಎದುರು ತಲೆ ತಗ್ಗಿಸಬೇಕು, ಇನ್ನೇನು ಮಾಡೋದು. ಕೆಲವರು ಬೈತಾರೆ. ಬೈಸ್ಕೋತೀನಿ.”

“ನಿಮ್ಮಣ್ಣ ಏನಂತಾನೆ?”

“ಅವನ ಹೆಸರು ಎತ್ತಬೇಡ. ಬಾಗಿಲಿಗೆ ಬಂದಿದ್ದ, ಅತ್ತ, ಆಣೆ ಇಟ್ಟ. ‘ಇನ್ನು ಈ ಮೆಟ್ಟಿಲು ಹತ್ತಬೇಡ’ ಅಂದೆ.”

ಪತ್ರಿಕೆ ಕೈಯಿಂದ ಜಾರಿ ಸದ್ದಾಯಿತು. ಹೆಂಡತಿ ಒಳಗೆ ತಿರುಗಿ, “ಏನ್ರೀ, ಸ್ವಲ್ಪ ಬನ್ನಿ, ನಿಮ್ಮ ಕಚೇರಿಯವರದೇ ವಿಷಯ ಇರಬೇಕು,” ಎಂದು ಕರೆದರು. ಬಾರದೆ ಇರುವಂತಿರಲಿಲ್ಲ. ಪರೀಕ್ಷಕರು ಬಾಗಿಲಿಗೆ ಬಂದರು. ಸೂಜಿಯಕ್ಕ ಅವರನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟು ಇದ್ದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು. ಇರಲಿಲ್ಲ. ಆಕೆ ಸೆರಗು ಸರಿಪಡಿಸಿಕೊಂಡು ಕೈ ಮುಗಿದಳು.

“ಇದು ನಿಮ್ಮ ಮನೆಯಾ ಸಾರ್? ಗೊತ್ತಿರಲಿಲ್ಲ. ನಿಮ್ಮ ಮನೆಗೇ ಕಳ್ಳ ಮಾಲು ಕೊಟ್ಟುಬಿಟ್ಟಿದ್ದೆ ನೋಡಿ. ನೀವು ಅವತ್ತು ಬರದೇ ಇದ್ದಿದ್ರೆ ಇನ್ನೂ ಎಷ್ಟು ಜನಕ್ಕೆ ಮೋಸ ಮಾಡ್ತಿದ್ನೋ.”

ನೆಲ ಬಾಯಿ ಬಿಡಬಾರದೇ ಎನಿಸಿತು ಅವರಿಗೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ. “ಪರವಾಗಿಲ್ಲಮ್ಮ,” ಎಂದರು. ಹೌದು, ಆಕೆಯನ್ನು ಕ್ಷಮಿಸಿದವರ ಹಾಗೆ ‘ಪರವಾಗಿಲ್ಲ’ ಎಂದರು. ಆಮೇಲೆ ಎಷ್ಟೋ ದಿನ ಆ ಒಂದು ಮಾತು ನೆನಪಾದಾಗಲೆಲ್ಲ ಅವರು ಒಬ್ಬರೇ ಇದ್ದರೂ ಮುಖ ಮುಚ್ಚಿಕೊಳ್ಳುತ್ತಿದ್ದರು.

ಸೂಜಿಯಕ್ಕ ಹೋದ ಮೇಲೆ ಹೆಂಡತಿ ಯಂತ್ರಕ್ಕೆ ಮರಳಲಿಲ್ಲ. ಗಂಡನ ಮುಖವನ್ನೇ ನೋಡುತ್ತಾ ನಿಂತರು. “ಯಾಕೆ ಹೀಗೆ ಬೆವರ್ತಿದೀರಿ?”

“ನಾನ್ಯಾಕೆ ಬೆವರ್ಲಿ?” ಎಂದು ಅವರು ಹಣೆ ಒರೆಸಿಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಇನ್ನು ಮುಚ್ಚಿಡಲಾಗಲಿಲ್ಲ. ಲಕೋಟೆ, ಎರಡು ಗೆರೆ, ಸಾಹೇಬರ ಮಾತು, ಎಲ್ಲವನ್ನೂ ಹೇಳಿಬಿಟ್ಟರು.

ಹೆಂಡತಿ ಹೊಸ್ತಿಲಿನತ್ತ ಕೈ ತೋರಿಸಿ, “ಆಕೆ ಎದುರಿಗೇ ನಿಂತಿದ್ಲಲ್ಲ, ಯಾಕೆ ಹೇಳ್ಲಿಲ್ಲ?” ಎಂದರು.

“ನಾಚಿಕೆ ಆಯ್ತು ಕಣೇ.”

“ನಾಚಿಕೆ ಆಗಬೇಕಾದ್ದು ನಿಮಗೆ. ತಲೆ ತಗ್ಗಿಸಿ ಮನೆಮನೆ ತಿರುಗ್ತಿರೋದು ಆಕೆ.” ಇಷ್ಟು ಹೇಳಿ ಅವರು ಒಳಗೆ ಹೋದರು. ಆ ದಿನ ಮನೆಯಲ್ಲಿ ಯಾರೂ ಯಾರನ್ನೂ ಛೇಡಿಸಲಿಲ್ಲ.

ಸೋಮವಾರ ಕಚೇರಿ ತೆರೆಯುತ್ತಲೇ ಪರೀಕ್ಷಕರು ಒಂದು ಹಾಳೆಯಲ್ಲಿ ತಪ್ಪೊಪ್ಪಿಗೆ ಬರೆದರು. ‘ಮಾಲು ಅಸಲಿ. ನಾನು ಹೊಸ ಮಾದರಿ ಕಾರ್ಡನ್ನು ನೋಡದೆ ನಕಲಿ ಎಂದೆ. ಅಂಗಡಿಯವರ ತಪ್ಪಿಲ್ಲ.’ ಸಾಹೇಬರ ಮೇಜಿಗೆ ಕೊಟ್ಟರೆ ಡ್ರಾಯರು ಸೇರುತ್ತದೆ ಎಂದು ಅವರಿಗೆ ಗೊತ್ತಿತ್ತು. ಡ್ರಾಯರಿನ ಮಹಿಮೆ ಅವರಿಗಿಂತ ಬಲ್ಲವರು ಯಾರು? ಮೊದಲು ಆವಕ ಪುಸ್ತಕದಲ್ಲಿ ದಾಖಲು ಮಾಡಿಸಿ, ನಂಬರು ಹಾಕಿಸಿ, ಪ್ರತಿಯ ಮೇಲೆ ಮೊಹರು ಒತ್ತಿಸಿಕೊಂಡರು. ಸಾಹೇಬರು ಓದಿ, “ನಿಮ್ಮ ಕಾಲ ಮೇಲೆ ನೀವೇ ಕಲ್ಲು ಎತ್ತಿ ಹಾಕ್ಕೊಂಡ್ರಿ,” ಎಂದರು. “ಕಲ್ಲು ಆಕೆ ಮೇಲೆ ಬಿದ್ದು ತಿಂಗಳಾಯ್ತು ಸಾರ್,” ಎಂದು ಹೇಳಿ ಇವರು ಹೊರಟರು. ಇದು ಧೈರ್ಯದ ಮಾತೆಂದು ತಿಳಿಯಬೇಡಿ. ಹಿಂದಿರುಗಿ ಹೋಗಿ ಆ ಹಾಳೆಯನ್ನು ವಾಪಸು ಕೇಳಲೇ ಎಂದು ಅವರು ಮೆಟ್ಟಿಲಿಳಿಯುವಾಗ ಎರಡು ಸಲ ನಿಂತರು.

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಸೂಜಿಯಕ್ಕ ಒಂದು ಯಂತ್ರದ ಹೊಟ್ಟೆ ಬಿಚ್ಚಿ ಎಣ್ಣೆ ಬಿಡುತ್ತಿದ್ದಳು. ಇವರನ್ನು ಕಂಡು ಗಡಬಡಿಸಿ ಎದ್ದಳು. “ಈಗ ಯಾವ ಮಾಲು ಸಾರ್?”

“ಯಾವುದೂ ಇಲ್ಲ. ನೀನು ಕೂತ್ಕೋ.” ತಾವು ಕೂರಲಿಲ್ಲ. ಕಾರ್ಡು ತೆಗೆದು ತೋರಿಸಿದರು, ಪ್ರತಿಯನ್ನು ಮುಂದಿಟ್ಟರು, ಹೇಳಿದರು. ಎಲ್ಲೂ ನಿಲ್ಲಿಸದೆ, ಯಾವ ನೆಪವನ್ನೂ ಸೇರಿಸದೆ ಹೇಳಿ ಮುಗಿಸಿದರು. ಆಮೇಲೆ ಬೈಗುಳಕ್ಕಾಗಿ ಕಾದರು. ದಾರಿಯುದ್ದಕ್ಕೂ ಅದಕ್ಕೇ ತಯಾರಾಗಿ ಬಂದಿದ್ದರು. ಒಂದು ಏಟು ಬಿದ್ದರೂ ತಿನ್ನೋಣ ಎಂದುಕೊಂಡಿದ್ದರು.

ಸೂಜಿಯಕ್ಕ ಕಾರ್ಡಿನ ಹಕ್ಕಿಯನ್ನು ಬಹಳ ಹೊತ್ತು ನೋಡಿದಳು. ಅವಳ ಮುಖ ನಿಧಾನವಾಗಿ ಬಿಳಿಚಿಕೊಂಡಿತು. “ಹಾಗಾದ್ರೆ ನಮ್ಮಣ್ಣ ಹೇಳಿದ್ದು ನಿಜ,” ಎಂದಳು.

“ನಿಜ.”

“ಬಿಲ್ಲು ಹಿಡ್ಕೊಂಡು ನನ್ನ ಮುಂದೆ ನಿಂತಿದ್ದ. ನಾನು ಒಂದು ಬಿಲ್ಲನ್ನೂ ತೆಗೆದು ನೋಡಲಿಲ್ಲ. ಚಿಕ್ಕಂದಿನಿಂದ ನನ್ನ ಎತ್ತಿ ಆಡಿಸಿದವನು ಸಾರ್. ಅವನ ಮಾತಿಗಿಂತ ನಿಮ್ಮ ಕನ್ನಡಿ ದೊಡ್ಡದಾಗೋಯ್ತು ನನಗೆ.” ಆಕೆ ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಮತ್ತೆ ಮತ್ತೆ ಒರೆಸಿಕೊಂಡಳು. “ಇನ್ನು ಯಾವ ಮುಖ ಇಟ್ಕೊಂಡು ಹೋಗ್ಲಿ ಅವನ ಮನೆಗೆ?”

ಪರೀಕ್ಷಕರಿಗೆ ಇದು ಹೊಳೆದಿರಲಿಲ್ಲ. ತಾವು ಸತ್ಯ ಹೇಳಿದರೆ ಆಕೆಯ ತಲೆ ಮೇಲೇಳುತ್ತದೆ ಎಂದುಕೊಂಡಿದ್ದರು. ಅದು ಇನ್ನೂ ಕೆಳಗಿಳಿಯಿತು. “ನಾನೂ ಬರ್ತೀನಮ್ಮ. ನಿಮ್ಮಣ್ಣನ ಎದುರು ನಾನೇ ಹೇಳ್ತೀನಿ, ತಪ್ಪು ನಂದು ಅಂತ.”

“ಬೇಡ,” ಎಂದಳು ಆಕೆ, ಥಟ್ಟನೆ. “ನೀವು ಬಂದ್ರೆ ಎಲ್ಲ ನಿಮ್ಮ ತಪ್ಪು ಅಂತಾಗಿಬಿಡುತ್ತೆ. ನಿಮ್ಮದು ಸೂಜಿ ವಿಷಯ. ನಮ್ಮಣ್ಣನ ನಂಬದೇ ಹೋದದ್ದು ನಾನು. ಅದನ್ನ ನಾನೇ ಹೇಳ್ಬೇಕು.” ಚಪ್ಪಲಿ ಮೆಟ್ಟಿ ಹೊರಟವಳು ಬಾಗಿಲಲ್ಲಿ ನಿಂತು, ಮೊದಲ ಸಲ ಅವರನ್ನು ನೇರವಾಗಿ ನೋಡಿ ಹೇಳಿದಳು: “ನಾನು ಬರೋವರೆಗೆ ಇಲ್ಲಿ ಕೂತಿರಿ. ಬಂದೋರಿಗೆಲ್ಲ ನೀವೇ ಹೇಳಿ. ನನಗೆ ಹೇಳಿ ಹೇಳಿ ಸಾಕಾಗಿದೆ.”

ಪರೀಕ್ಷಕರು ಆಕೆಯ ಸ್ಟೂಲಿನ ಮೇಲೆ ಕೂತರು. ಕಪಾಟಿನ ಸಣ್ಣ ಸಣ್ಣ ಡಬ್ಬಿಗಳಲ್ಲಿ ಬಾಬಿನ್ನುಗಳು, ಬೆಲ್ಟುಗಳು. ಹಕ್ಕಿ ಸೂಜಿ ಇದ್ದ ಗೂಡು ಖಾಲಿ. ಸ್ವಲ್ಪ ಹೊತ್ತಿಗೆ ಕೊರಳಿಗೆ ಟೇಪು ಹಾಕಿಕೊಂಡ ದರ್ಜಿಯೊಬ್ಬ ಬಂದು ಇಣುಕಿದ.

“ಅಕ್ಕ ಇಲ್ವಾ? ಹದಿನಾರು ನಂಬರ್ ಸೂಜಿ ಬೇಕಿತ್ತು. ಯಾವುದಾದ್ರೂ ಸರಿ, ಹಕ್ಕಿ ಒಂದು ಬೇಡಪ್ಪ.”

“ಹಕ್ಕಿ ಸೂಜಿ ಅಸಲಿ,” ಎಂದರು ಪರೀಕ್ಷಕರು. ದನಿ ಹೂತುಹೋಗಿತ್ತು.

“ನೀವ್ಯಾರ್ರೀ ಹೇಳೋಕೆ? ಭೂತಗನ್ನಡಿನೇ ಬಂದು ನಕಲಿ ಅಂದಿದ್ದಾನೆ. ಅವನ ಕಣ್ಣು ತಪ್ಪೋ ಕಣ್ಣಲ್ಲ.”

“ತಪ್ಪಿತು. ನಾನೇ ಆ ಭೂತಗನ್ನಡಿ. ಕಾರ್ಡು ನೋಡದೆ ಹೇಳಿಬಿಟ್ಟೆ. ಅಕ್ಕನದು ಏನೂ ತಪ್ಪಿಲ್ಲ.”

ದರ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದ. “ಹೋದ ವಾರ ಆಕೆ ಬೇರೆ ಸೂಜಿ ಕೊಡೋಕೆ ಬಂದಾಗ, ನಾನು ಹಕ್ಕಿ ಸೂಜಿನೆಲ್ಲ ನೆಲಕ್ಕೆ ಎಸೆದಿದ್ದೆ ಕಣ್ರೀ. ಒಂದೊಂದಾಗಿ ಆರಿಸ್ಕೊಂಡು ಹೋದ್ಲು,” ಎಂದ. ಅವನ ದನಿಯೂ ಇಳಿದಿತ್ತು. “ಈಗೆಲ್ಲಿ ಹೋಗಿದ್ದಾಳೆ?”

“ಅಣ್ಣನ ಮನೆಗೆ. ಕ್ಷಮೆ ಕೇಳೋಕೆ.”

“ಆಕೆ ಯಾಕ್ರೀ ಕೇಳ್ಬೇಕು?”

ಅಷ್ಟರಲ್ಲಿ ಇನ್ನಿಬ್ಬರು ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಪರೀಕ್ಷಕರು ಸ್ಟೂಲಿನಿಂದ ಎದ್ದು ನಿಂತು, ಯಾರೂ ಏನೂ ಕೇಳುವ ಮೊದಲೇ ಮತ್ತೆ ಮೊದಲಿನಿಂದ ಹೇಳತೊಡಗಿದರು.